ನಾಯಿ ಕಟ್ಟಿಕೊಂಡು ಬಂದರಿಗೆ

ಹೌದಕ್ಕ, ಮಚಲೀಪಟ್ಟಣಕ್ಕೆ, ಇಲ್ಲಿಯವರು ಬಂದರು ಅಂತಲೇ ಕರೆಯುವ ಊರಿಗೆ, ನಮ್ಮ ನಾಯಿ ಕಾಳಿಯನ್ನು ಕರೆದುಕೊಂಡೇ ಹೋದದ್ದು. ನಿಮಗೂ ಹಾಲಿನವನೇ ಹೇಳಿದ್ದಾ? ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ಎಷ್ಟು ಹೊತ್ತು ಕೇಳಿದ ಅವನು. ಬಂದರಿನಲ್ಲಿ ನೋಡಲಿಕ್ಕೆ ಎಂತ ಉಂಟಮ್ಮ, ಅಲ್ಲಿನ ಲಡ್ಡು ಬೇಕಾದರೆ ಬೆಜವಾಡದಲ್ಲೇ, ಅದೇ ವಿಜಯವಾಡದಲ್ಲೇ, ಸಿಗ್ತದೆ, ನಾಯಿಗೆ ಅಲ್ಲಿ ಎಂತ ಕೆಲಸ ಅಂತ. ನೀವು ಕೇಳುವುದೂ ಅದನ್ನೇ ಅಲ್ವಾ. ಆ ಮೆಣಸು ಹರವಿ ಮುಗಿಸಿ, ಹಾಗೇ ಗೋಡೆಗೆ ಒರಗಿ ನಿಲ್ಲಿ, ಎಲ್ಲ ಹೇಳ್ತೇನೆ. ಎರಡು ಮಾತಿನಲ್ಲಿ ಮುಗಿಯುವ ಸಂಗತಿ ಅಲ್ಲ.

ಮೊದಲು ಇವರು ಹೇಳಿದ್ದು ವಿಶಾಖಪಟ್ಟಣಕ್ಕೆ ಹೋಗುವ ಅಂತ. ಹಡಗು ನಿಲ್ಲುವ ಬಂದರು ಅಂದರೆ ಎಲ್ಲರಿಗೂ ಅದೇ ಅಲ್ವಾ ನೆನಪಾಗುವುದು. ಆದರೆ ಏಲೂರು, ರಾಜಮಹೇಂದ್ರಿ, ತುನಿ ಎಲ್ಲ ದಾಟಿ 300 ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ರೈಲಿನಲ್ಲಿ ಹೋಗುವ ಅಂದರೆ, ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಲಿಕ್ಕೆ ಫಸ್ಟ್ ಕ್ಲಾಸಿನ ಕೂಪೆಯೋ ಕ್ಯಾಬಿನೋ ಪೂರ್ತಿ ನಮ್ಮ ಹೆಸರಲ್ಲೇ ಆಗಬೇಕು. ಇಲ್ಲದಿದ್ದರೆ ಗಾರ್ಡಿನ ಡಬ್ಬಿಯಲ್ಲಿ ನಾಯಿಗೆ ಅಂತಲೇ ಇರುವ ಪೆಟ್ಟಿಗೆಯೊಳಗೆ ಹಾಕಿ ಕಳಿಸಬೇಕು. ಕಾಳಿಯನ್ನು ಆ ಪೆಟ್ಟಿಗೆಯಲ್ಲಿ ಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಇನ್ನು ಅಲ್ಲಿ ಹೋಗಿ ಆದರೂ ಎಂತ, ಬೀಚಿನ ಪಕ್ಕದಲ್ಲಿ ಕುರ್ಸುರಾ ಸಬ್‌ಮರೀನ್ ನಿಲ್ಲಿಸಿದ್ದಾರಲ್ಲ, ಅದರೊಳಗೆ ಮನುಷ್ಯರೇ ಬಗ್ಗಿ ಬಗ್ಗಿ ನುಸುಳಬೇಕು. ನಾಯಿಯನ್ನು ಎಲ್ಲಿ ಬಿಡುವುದು? ಸಿಂಹಾಚಲಕ್ಕೆ ಹೋಗಬೇಕು ಅಂತ ನನಗೆ ಆಸೆ ಇರುವುದು ಹೌದು. ನಿಮ್ಮ ಹಂಪಿಯ ಕೃಷ್ಣದೇವರಾಯ 1516ರಲ್ಲಿ ಅಲ್ಲಿಯವರೆಗೆ ದಂಡು ತಂದು ನರಸಿಂಹನಿಗೆ ಕಾಣಿಕೆ ಒಪ್ಪಿಸಿದ ಶಾಸನ ಅಲ್ಲಿ ಉಂಟು. ಅದಕ್ಕೆ ಬೇರೆಯೇ ಒಂದು ಸಲ ಹೋಗುವ, ಕಾಳಿಯನ್ನು ಮನೆಯಲ್ಲಿ ಬಿಟ್ಟು.

ಮತ್ತೆ ಇನ್ನೊಂದು ಕೇಳಿ. ವಿಶಾಖಪಟ್ಟಣದ ಬಂದರು ಮಚಲೀಪಟ್ಟಣದ ಎದುರು ನಿನ್ನೆ ಮೊನ್ನೆಯ ಮಗು. ಅಲ್ಲಿಗೆ ಮೊದಲ ಹಡಗು ‘ಜಲದುರ್ಗ’ ಬಂದದ್ದು 1933ರ ಅಕ್ಟೋಬರಿನಲ್ಲಿ. ಡಿಸೆಂಬರಿನಲ್ಲಿ ವೈಸರಾಯ್ ವಿಲ್ಲಿಂಗ್ಡನ್ ಬಂದು ಉದ್ಘಾಟನೆ ಮಾಡಿದ್ದು. ನಮ್ಮದೇ ಕೃಷ್ಣಾ ಜಿಲ್ಲೆಯ ಈ ಬಂದರಿನ ಹೆಸರು ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾವಿಕರ ಪುಸ್ತಕದಲ್ಲೇ ಉಂಟು. ಮಸಾಲಿಯಾ ಅಂತ ಕರೆದು, ಅಲ್ಲಿ ತೆಳು ಬಟ್ಟೆ ಬಹಳ ನೇಯ್ತಾರೆ ಅಂತ ಬರೆದಿದ್ದಾರೆ. ಆಮೇಲೆ ಗೋಲ್ಕೊಂಡದ ಸುಲ್ತಾನರಿಗೆ ಸಮುದ್ರಕ್ಕೆ ಇದ್ದ ಬಾಗಿಲು ಇದೇ. ಪರ್ಷಿಯದವರು, ಆರ್ಮೇನಿಯದವರು ಇಲ್ಲಿ ಮನೆ ಮಾಡಿ ಕೂತಿದ್ದರು. 17ನೇ ಶತಮಾನದ ಶುರುವಿನಲ್ಲಿ ಡಚ್ಚರು ಬಂದರು, 1611ರಲ್ಲಿ ‘ಗ್ಲೋಬ್’ ಅನ್ನುವ ಹಡಗಿನಲ್ಲಿ ಇಂಗ್ಲಿಷರು, 1669ರಲ್ಲಿ ಫ್ರೆಂಚರು. ಮದರಾಸು ಅನ್ನುವ ಪಟ್ಟಣ ಹುಟ್ಟುವ ಮೊದಲೇ ಇಂಗ್ಲಿಷರು ಇಲ್ಲಿ ಅಂಗಡಿ ಇಟ್ಟಿದ್ದರು. ಇಷ್ಟು ದೊಡ್ಡ ಊರು ಮನೆಯಿಂದ ಬೆಳಗಿನ ತಿಂಡಿಯ ಹೊತ್ತಿಗೆ ಮುಟ್ಟುವಷ್ಟು ಹತ್ತಿರ ಉಂಟು ಅಂತ ನಮ್ಮ ಈ ಗನ್ನವರಂನಲ್ಲಿ ಎಷ್ಟು ಜನ ನೆನೆಸಿಕೊಳ್ತಾರೆ ಹೇಳಿ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಇವರಿಗೆ ಆ ಊರಿನ ಮೇಲೆ ಬೇರೆಯೇ ಒಂದು ಮಮತೆ. ನಮ್ಮ ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಬ್ಯಾಂಕು, ಬಂದರಿನಲ್ಲಿ 1923ರಲ್ಲಿ ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯ ಶುರು ಮಾಡಿದ ಆಂಧ್ರ ಬ್ಯಾಂಕು, ಎರಡೂ ಒಂದೇ ದಿನ, 2020ರ ಏಪ್ರಿಲ್ 1ಕ್ಕೆ, ಒಂದೇ ಬ್ಯಾಂಕಿನೊಳಗೆ ಸೇರಿ ಹೋದವು. ಅಲ್ಲಿಯವರು ಇಲ್ಲಿ, ಇಲ್ಲಿಯವರು ಅಲ್ಲಿ. ನಾವು ಗನ್ನವರಂಗೆ ಬಂದದ್ದೂ ಹಾಗೆಯೇ ಅಲ್ವಾ. ಎರಡು ಸಮುದ್ರದ ಎರಡು ಊರು, ಎರಡೂ ಕಡೆ ಊರವರು ನಾಲ್ಕು ನಾಲ್ಕು ಕಾಸು ಸೇರಿಸಿ ಕಟ್ಟಿದ ಬ್ಯಾಂಕು. ಆ ಊರನ್ನು ನೋಡದೆ ಹೇಗೆ ನಿವೃತ್ತಿ ಆಗುವುದು ಅಂತ ಇವರದ್ದು.

ಕಾಳಿ ಯಾಕೆ ಅಂತ ಕೇಳಿದ್ದಲ್ಲ ನೀವು. ಅದನ್ನು ಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ ಅಕ್ಕ. ಮುಧೋಳದ ನಾಯಿ ಅದು, ಮಗ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಯಾಗಿರುವಾಗ ತಂದದ್ದು. ಅವನು ಓದಲಿಕ್ಕೆ ಹೊರದೇಶಕ್ಕೆ ಹೋದ, ನಾಯಿ ನಮ್ಮದಾಯ್ತು. ಈ ಜಾತಿಗೆ ಮೂಗಿಗಿಂತ ಕಣ್ಣು ಮುಂದು. ದೂರದಲ್ಲಿ ಒಂದು ಕೊಕ್ಕರೆ ರೆಕ್ಕೆ ಅಲ್ಲಾಡಿಸಿದರೂ ಇದರ ಕುತ್ತಿಗೆ ನೆಟ್ಟಗಾಗ್ತದೆ. ಓಡಲಿಕ್ಕೆ ಬಯಲು ಬೇಕು, ಇಲ್ಲಿ ನಮ್ಮ ಕಂಪೌಂಡಿನೊಳಗೆ ಎಲ್ಲಿಂದ ಬಯಲು? ಮುಧೋಳದ ಘೋರ್ಪಡೆ ರಾಜರು ಬೇಟೆಗೆ ಸಾಕಿದ ತಳಿ. ಅರಬರ, ಪರ್ಷಿಯದವರ ಸಲೂಕಿ ನಾಯಿಗಳ ಬಳಗ ಇದು ಅಂತ ಬಲ್ಲವರು ಹೇಳ್ತಾರೆ. ಕುದುರೆ ಹಡಗಿನಿಂದ ಇಳಿದ ಹಾಗೆ ಇದರ ಅಜ್ಜ ಮುತ್ತಜ್ಜಂದಿರೂ ಯಾವುದೋ ಬಂದರಿನಲ್ಲಿ ಇಳಿದಿರಬಹುದು ಅಂತ ನನ್ನ ಎಣಿಕೆ. ಮತ್ತೆ ನೀರಿನ ಲೆಕ್ಕ ನೋಡಿ. ಮುಧೋಳದ ಘಟಪ್ರಭೆ ಕೃಷ್ಣೆಗೆ ಸೇರ್ತದೆ, ಕೃಷ್ಣೆ ಬೆಜವಾಡದ ಬ್ಯಾರೇಜಿಗೆ ಬರ್ತಾಳೆ, ಅಲ್ಲಿಂದ ಬಂದರು ಕಾಲುವೆಯಲ್ಲಿ ಸೀದಾ ಆ ಊರಿಗೆ ಹರೀತಾಳೆ. ದಾರಿಯೂ ಹಾಗೇ. ನಾವು ಕಂಕಿಪಾಡಿನ ಹತ್ತಿರ ಸೇರುವ ಬಂದರು ರಸ್ತೆ ಉಂಟಲ್ಲ, ಅದೇ 65ನೇ ನಂಬರಿನ ಹೆದ್ದಾರಿ. ಪುಣೆಯಲ್ಲಿ ಹೊರಟು, ಸೊಲ್ಲಾಪುರ ದಾಟಿ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದನ್ನು ಹಾದು, ಹೈದರಾಬಾದಿನ ಮೇಲೆ ಬಂದು ಮಚಲೀಪಟ್ಟಣದಲ್ಲಿ ಮುಗೀತದೆ. ಗೋಲ್ಕೊಂಡದ ವಜ್ರ, ಬಟ್ಟೆ ಎಲ್ಲ ಎತ್ತಿನ ಗಾಡಿಯಲ್ಲಿ ಸಮುದ್ರಕ್ಕೆ ಇಳಿಯುತ್ತಿದ್ದದ್ದು ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ.

ಹೊರಡುವ ಮೊದಲು ಕೆಲಸ ಇರ್ತದೆ, ಸುಮ್ಮನೆ ಕಾರಿಗೆ ಹತ್ತಿಸಿ ಹೋಗುವುದಲ್ಲ. ನಮ್ಮ ಪುಣ್ಯ, ಪಶುವೈದ್ಯ ಕಾಲೇಜು ಗನ್ನವರಂನಲ್ಲೇ ಉಂಟು. ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷ ಮೀರಿಲ್ಲ ಅಂತ ನೋಡಿಕೊಂಡು, ಕಿವಿಯೊಳಗೆ, ಬೆರಳ ಸಂದಿನಲ್ಲಿ ಉಣ್ಣಿ ಹುಡುಕಿ ತೆಗೆದದ್ದಾಯ್ತು. ಕುತ್ತಿಗೆಗೆ ಅಗಲದ ಚರ್ಮದ ಪಟ್ಟಿ. ಈ ನಾಯಿಯ ತಲೆ ಸಪೂರ, ಸಾಮಾನ್ಯ ಪಟ್ಟಿಯಾದರೆ ಹಿಂದಕ್ಕೆ ಎಳೆದ ಕೂಡಲೇ ತಲೆಯಿಂದ ಜಾರಿಬಿಡ್ತದೆ. ಕುಡಿಯಲಿಕ್ಕೆ ಮನೆಯ ನೀರು ದೊಡ್ಡ ಕ್ಯಾನಿನಲ್ಲಿ. ಸಮುದ್ರ ಕಂಡ ನಾಯಿ ಬಾಯಾರಿ ಉಪ್ಪು ನೀರಿಗೆ ಬಾಯಿ ಹಾಕಿದರೆ ವಾಂತಿ ಭೇದಿ ಖಂಡಿತ. ಕಾಲಕ್ಕೂ ಕಣ್ಣಿಡಬೇಕು. ಪುಷ್ಯ ಮಾಸ, ಚಳಿ ಇರುವಾಗ ಸರಿ. ಏಪ್ರಿಲ್ ಮೇ ತಿಂಗಳ ಬೆಜವಾಡದ ಬಿಸಿಲಿನಲ್ಲಿ ನಾಯಿಯನ್ನು ರಸ್ತೆಗೆ ಇಳಿಸುವುದು ಪಾಪದ ಕೆಲಸ. ಡಾಂಬರಿನ ಮೇಲೆ ನಮ್ಮ ಅಂಗೈ ಇಟ್ಟು ನೋಡಬೇಕು, ಹತ್ತು ಎಣಿಸುವವರೆಗೆ ಇಡಲಿಕ್ಕೆ ಆಗದಿದ್ದರೆ ನಾಯಿ ನಡೆಯಬಾರದು. ಅದಕ್ಕೇ ಕತ್ತಲೆ ಇರುವಾಗಲೇ ಹೊರಟದ್ದು, ಹಾಲಿನವನು ಕಂಡದ್ದು.

ಉಯ್ಯೂರಿನಲ್ಲಿ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಕಬ್ಬಿನ ಗಾಡಿಗಳು. ಪಾಮರ್ರು ದಾಟುವಾಗ ಬೆಳಕು ಹರಿಯಿತು. ಆಮೇಲೆ ಎರಡೂ ಕಡೆ ಭತ್ತ ಕೊಯ್ದ ಗದ್ದೆ, ಅದರಲ್ಲಿ ಉದ್ದು ಬಿತ್ತಿದ್ದಾರೆ. ಕಾಳಿ ಕಿಟಕಿಯ ಗಾಜಿಗೆ ಮೂಗು ಒತ್ತಿ ಕೊಕ್ಕರೆ ಎಣಿಸುತ್ತಾ ಬಂತು.

ನಾವು ಮೊದಲು ಹೋದದ್ದು ಬಂದರುಕೋಟೆಗೆ. ಊರಿಂದ ಸಮುದ್ರದ ಕಡೆಗೆ, ಜೌಗಿನ ನಡುವೆ ಉಂಟು ಅದು. ಕೋಟೆ ಅಂದರೆ ನಿಮ್ಮ ಬಳ್ಳಾರಿಯ ಗುಡ್ಡದ ಕೋಟೆಯ ಹಾಗೆ ನೆನೆಸಬೇಡಿ. ಮುರಿದ ಗೋಡೆ, ಚಾವಣಿ ಬಿದ್ದ ಕಟ್ಟಡ, ಸುತ್ತ ಜಾಲಿ. ಪಕ್ಕದಲ್ಲಿ ಡಚ್ಚರ ಸ್ಮಶಾನ. 17ನೇ ಶತಮಾನದ ಗೋರಿಗಳು, ಕರಿಕಲ್ಲಿನ ಮೇಲೆ ಅವರ ಮನೆತನದ ಲಾಂಛನ ಕೆತ್ತಿದ್ದು. ಇದು ಕೇಂದ್ರ ಪುರಾತತ್ವ ಇಲಾಖೆಯವರ ರಕ್ಷಣೆಯಲ್ಲಿರುವ ಜಾಗ, ಅಂಥ ಕಡೆ ಪ್ರಾಣಿಗಳನ್ನು ತರಬಾರದು ಅಂತ 1959ರ ನಿಯಮದಲ್ಲೇ ಉಂಟು. ನನಗೆ ಅದರಲ್ಲಿ ತಕರಾರಿಲ್ಲ. ಮುನ್ನೂರು ವರ್ಷ ಉಪ್ಪುಗಾಳಿ ತಿಂದ ಕೆತ್ತನೆಯ ಮೇಲೆ ನಾಯಿ ಉಚ್ಚೆ ಹೊಯ್ದರೆ ಆ ಕಲ್ಲಿಗೆ ಎಂತ ಗತಿ? ಹಾಗಾಗಿ ಇವರು ಒಳಗೆ ಹೋದಾಗ ನಾನು ಹೊರಗೆ, ನಾನು ಹೋದಾಗ ಇವರು ಹೊರಗೆ.

ನಿಜ ಹೇಳಬೇಕಾದರೆ ಹೊರಗೆ ನಿಂತದ್ದೇ ಆ ದಿನದ ದೊಡ್ಡ ಲಾಭ. ನಾಯಿ ನಿಂತಲ್ಲಿ ನಿಲ್ಲುವುದಿಲ್ಲ ಅಲ್ವಾ, ಕಾಳಿ ಎಳೆದುಕೊಂಡು ಜೌಗಿನ ಕಡೆ ಹೋಯ್ತು. ಮೇಲಿಂದ ನೋಡಿದರೆ ಒಣಗಿ ಬಿರುಕು ಬಿಟ್ಟ ನೆಲ, ಕಾಲಿಟ್ಟರೆ ಕೆಳಗೆ ಅಂಟು ಕೆಸರು. ಮುಂಗಾಲು ಹೂತದ್ದೇ ತಡ, ಹಿಂದಕ್ಕೆ ನೆಗೆದು, ಒಂದೊಂದೇ ಪಾದ ಎತ್ತಿ ಕೊಡವಿ ನನ್ನ ಮುಖ ನೋಡಿತು. ಉಗುರಿನ ಮೇಲೆ, ಬೆರಳ ಸಂದಿನಲ್ಲಿ ಕಾಡಿಗೆ ಬಣ್ಣದ ಕೆಸರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅದರ ಕಾಲು ತೊಳೆಯುವಾಗ ಇವರು ಬಂದು 1759ರ ಕಥೆ ಹೇಳಿದರು. ಆಗ ಕೋಟೆ ಫ್ರೆಂಚರ ಕೈಯಲ್ಲಿ ಇತ್ತು, ಕಾನ್‌ಫ್ಲಾನ್ಸ್ ಅನ್ನುವವ ದಳಪತಿ. ಹೊರಗೆ ಇಂಗ್ಲಿಷರ ಕರ್ನಲ್ ಫೋರ್ಡ್. ಒಳಗಿದ್ದವರ ಲೆಕ್ಕಕ್ಕೆ ಹೊರಗಿದ್ದವರು ಕಮ್ಮಿ, ಮದ್ದುಗುಂಡೂ ಮುಗೀತಾ ಬಂದಿತ್ತು. ಈ ಕೆಸರಿನ ಕಡೆಯಿಂದ ಯಾರೂ ಬರಲಿಕ್ಕೆ ಸಾಧ್ಯ ಇಲ್ಲ ಅಂತ ಫ್ರೆಂಚರು ಆ ಮಗ್ಗುಲಿಗೆ ಹೆಚ್ಚು ಕಾವಲು ಹಾಕಿರಲಿಲ್ಲ. ಏಪ್ರಿಲ್ 7ರ ರಾತ್ರಿ ಫೋರ್ಡ್ ಒಂದು ತುಕಡಿಯನ್ನು ಅದೇ ಕೆಸರಿನಲ್ಲಿ ದಾಟಿಸಿ ಗುಂಡು ಹಾರಿಸಲಿಕ್ಕೆ ಹೇಳಿದ. ಒಳಗಿದ್ದವರು ಗಾಬರಿಯಾಗಿ ಆ ಕಡೆ ಓಡಿದಾಗ ದೊಡ್ಡ ದಂಡು ಇನ್ನೊಂದು ಮೂಲೆಯಿಂದ ಹತ್ತಿತು. ಬೆಳಗಾಗುವಾಗ ಕೋಟೆ ಕೈಬದಲಾಗಿತ್ತು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ಸಾಲು ಅಕ್ಕ. ಕಾಳಿಯ ಪಾದ ಕೈಯಲ್ಲಿ ಹಿಡಿದುಕೊಂಡು ಕೇಳಿದಾಗ ಆ ಸಿಪಾಯಿಗಳು ಕತ್ತಲೆಯಲ್ಲಿ ಸೊಂಟದವರೆಗೆ ಹೂತು ನಡೆದದ್ದು ನನಗೆ ಅರ್ಥ ಆಯ್ತು. ನಾಯಿ ಇಲ್ಲದೆ ಹೋಗಿದ್ದರೆ ನಾವು ಗೋಡೆ ನೋಡಿ ಬರ್ತಿದ್ದೆವು. ನಾಯಿ ಇದ್ದ ಕಾರಣ ನೆಲ ನೋಡಿದೆವು.

ಈ ನೆಲವೇ ಆ ಊರನ್ನು ಮುಳುಗಿಸಿದ್ದೂ. ಕೃಷ್ಣೆ ತಂದು ಹಾಕಿದ ಮಣ್ಣು, ಸಮುದ್ರಕ್ಕೆ ಆಳವೇ ಇಲ್ಲ. ದೊಡ್ಡ ಹಡಗುಗಳು ಮೈಲಿಗಟ್ಟಲೆ ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಅಲ್ಲಿಂದ ಸಾಮಾನನ್ನು ದೋಣಿಯಲ್ಲಿ ದಡಕ್ಕೆ ಸಾಗಿಸಬೇಕು. ಈ ಕರಾವಳಿಯ ಮಸೂಲಾ ದೋಣಿ ಕೇಳಿದ್ದೀರಾ? ಮೊಳೆಯೇ ಇಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದದ್ದು. ಅಲೆ ಬಡಿದರೆ ಮುರಿಯದೆ ಬಾಗ್ತದೆ. ನಮ್ಮ ಕುಂದಾಪುರದ ಹತ್ತಿರ ಬಸರೂರು ಅಂತ ಉಂಟಲ್ಲ, ಅದೂ ಒಂದು ಕಾಲದಲ್ಲಿ ಅರಬರು, ಪೋರ್ಚುಗೀಸರು, ಡಚ್ಚರು ಎಲ್ಲ ಬಂದು ಹೋದ ಬಂದರು. ಶಿವಾಜಿ 1665ರಲ್ಲಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆದ ಊರು. ಈಗ ಅಲ್ಲಿ ಹೊಳೆಯ ದಡದಲ್ಲಿ ನಿಂತರೆ ಇಲ್ಲಿಗೆ ಹಡಗು ಬರ್ತಿತ್ತು ಅಂತ ಹೇಳಲಿಕ್ಕೆ ಒಂದು ಫಲಕ ಕೂಡ ಸಾಲದು. ಅದು ನೋಡಿ ಬೆಳೆದವಳಿಗೆ ಬಂದರುಕೋಟೆಯಲ್ಲಿ ಹೊಟ್ಟೆ ಚುರ್ ಅಂತು. ಡಚ್ಚರ ಗೋರಿಗೆ ಬೇಲಿ ಹಾಕಿ ಕಾಯುವುದು ಸರಿ, ಆದರೆ ಆ ಜೌಗು, ಅಳಿವೆ, ದೋಣಿ ನಿಲ್ಲುತ್ತಿದ್ದ ಕಡೆ ನಾಲ್ಕು ತೆಲುಗು ಅಕ್ಷರದಲ್ಲಿ ಊರಿನ ಮಕ್ಕಳಿಗೆ ಓದಲಿಕ್ಕೆ ಬರೆದು ಹಾಕಬೇಕು. ಬಂದರು ಅಂದರೆ ಕಟ್ಟಡ ಅಲ್ಲ, ನೀರಿನ ದಾರಿ.

1864ರ ನವೆಂಬರ್ 1ರ ರಾತ್ರಿ ಎಂತ ಆಯ್ತು ಅಂತ ಗೊತ್ತಾ ನಿಮಗೆ? ಚಂಡಮಾರುತ. ಸಮುದ್ರ ಎದ್ದು ಮೈಲಿಗಟ್ಟಲೆ ಒಳಗೆ ನುಗ್ಗಿತು, ಸುಮಾರು 30,000 ಜನ ಸತ್ತರು. ಅಷ್ಟು ತಗ್ಗಿನ ನೆಲ, ಓಡಿ ಹತ್ತಲಿಕ್ಕೆ ಒಂದು ದಿಬ್ಬ ಇಲ್ಲ. ಆಮೇಲೆ ಇಂಗ್ಲಿಷರು ಕೋಟೆಯಿಂದ ಸೈನ್ಯವನ್ನೇ ತೆಗೆದುಬಿಟ್ಟರು. ಬಂದರು ಬಂದರಾಗಿ ಉಳಿಯಲಿಲ್ಲ. ಆ ನೆಲದಲ್ಲಿ ನಿಂತು ಇದನ್ನು ನೆನೆಸಿದರೆ ಮಾತು ಬರುವುದಿಲ್ಲ.

ಕಾಳಿ ಅಂತ ಹೆಸರು ಯಾಕೆ, ಬಣ್ಣ ಕಂದು ಅಲ್ವಾ ಅಂತ ಒಮ್ಮೆ ಕೇಳಿದ್ದಿರಿ ನೀವು. ಅದನ್ನೂ ಈಗ ಹೇಳಿಬಿಡ್ತೇನೆ, ಆ ಗೋರಿಗಳ ಎದುರು ನೆನಪಾದದ್ದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ವೀರಗಲ್ಲು ಸಿಕ್ಕಿತ್ತು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಉಂಟು. ಕ್ರಿ.ಶ. 950ರ ಹೊತ್ತಿನದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಮೇಲೆ, ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಎಂತ ಬೇಕು ಕೇಳು ಅಂದನಂತೆ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೊಡಿ ಅಂದ. ಆ ನಾಯಿ ಆಮೇಲೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಗದ್ದೆ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತ ಬರೆಸಿದ. ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಎಗರುವ ಚಿತ್ರ ಕೂಡ ಉಂಟು. ಮಗ ಆ ಕಲ್ಲು ನೋಡಿ ಬಂದ ವಾರವೇ ಮರಿಗೆ ಈ ಹೆಸರಿಟ್ಟದ್ದು. ಸಮುದ್ರ ದಾಟಿ ಬಂದು ಈ ಕೆಸರಿನಲ್ಲಿ ಸತ್ತ ವ್ಯಾಪಾರಿಗೆ ಒಂದು ಕಲ್ಲು, ಹಂದಿಯೊಟ್ಟಿಗೆ ಸತ್ತ ನಾಯಿಗೆ ಒಂದು ಕಲ್ಲು. ಪ್ರೀತಿಸಿದವರು ನಿಲ್ಲಿಸಿದ್ದು ಎರಡೂ.

ಆ ಡಚ್ಚರ, ಇಂಗ್ಲಿಷರ ಕಾಲದ ಹಡಗುಗಳಲ್ಲಿ ನಾಯಿಗಳೂ ಬರ್ತಿದ್ದವು ಗೊತ್ತಾ. ಸೂರತ್ತಿನ ಕಡೆಯ ಕಥೆ ಇದು. ಜಹಾಂಗೀರ್ ಬಾದಶಹನಿಗೆ ಉಡುಗೊರೆ ಅಂತ ಇಂಗ್ಲಿಷರು ಮ್ಯಾಸ್ಟಿಫ್ ಅನ್ನುವ ದಪ್ಪ ನಾಯಿಗಳನ್ನು ತಂದರು. ದಾರಿಯಲ್ಲೇ ಹೆಚ್ಚಿನವು ಸತ್ತವು. ಬದುಕಿ ಉಳಿದದ್ದರಲ್ಲಿ ಒಂದು ಆನೆಯ ಸೊಂಡಿಲಿಗೆ ಬಾಯಿ ಹಾಕಿತು ಅಂತ ರಾಯಭಾರಿ ತಾಮಸ್ ರೋ ಒಟ್ಟಿಗೆ ಇದ್ದ ಪಾದ್ರಿ ಎಡ್ವರ್ಡ್ ಟೆರ್ರಿ ಬರೆದಿದ್ದಾನೆ. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಆ ಮೂಕಪ್ರಾಣಿಗಳ ಪಾಡು ಹೇಗಿತ್ತೋ. ರೈಲಿನ ಪೆಟ್ಟಿಗೆಗೇ ನನಗೆ ಜೀವ ಹೋಗ್ತದೆ.

ಕೋಟೆಯಿಂದ ನಾವು ಹೋದದ್ದು ಗಿಲಕಲದಿಂಡಿಗೆ. ಮೀನುಗಾರಿಕೆಯ ಬಂದರು ಅದು, ಈಗ ಆ ಊರಿನಲ್ಲಿ ಜೀವ ಇರುವುದು ಅಲ್ಲೇ. ಬೋಟುಗಳು ಸಾಲಾಗಿ ನಿಂತಿವೆ, ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತು ಕೂಗ್ತಿದ್ದಾರೆ, ಗಾಳಿಯಲ್ಲಿ ಒಣಮೀನಿನ ವಾಸನೆ. ನಮ್ಮ ಮಲ್ಪೆಯ ದಕ್ಕೆಯಲ್ಲಿ ನಿಂತ ಹಾಗೆಯೇ ಆಯ್ತು ನನಗೆ. ನನಗೆ ಭಯ ಇದ್ದದ್ದು ಅಲ್ಲಿನ ನಾಯಿಗಳದ್ದು. ಯಾವ ಬೀದಿಗೆ ಹೋದರೂ ಆ ಬೀದಿಯ ನಾಯಿಗಳು ಹೊಸಬರನ್ನು ಬಿಡುವುದಿಲ್ಲ, ಕೋಟೆಯ ದಾರಿಯಲ್ಲಿ ಅಂಥ ಒಂದು ಗುಂಪು ಕಾಳಿಯನ್ನು ಕಾರಿನವರೆಗೆ ಓಡಿಸಿಯೂ ಆಗಿತ್ತು. ದಕ್ಕೆಯ ನಾಯಿಗಳು ಹಾಗಲ್ಲ ಅಕ್ಕ. ಹೊಟ್ಟೆ ತುಂಬಿದವು, ಬಲೆಯ ರಾಶಿಯ ಮೇಲೆ ಮಲಗಿದ್ದವು. ಒಂದು ಮುದಿ ನಾಯಿ, ಒಂದು ಕಿವಿ ಹರಿದದ್ದು, ಎದ್ದು ಬಂದು ಕಾಳಿಯ ಮೂಗಿಗೆ ಮೂಗು ತಾಗಿಸಿ, ಹಿಂದಿನಿಂದ ಮೂಸಿ, ವಾಪಸು ಹೋಗಿ ಅದೇ ಗುಂಡಿಯಲ್ಲಿ ಸುರುಳಿ ಸುತ್ತಿಕೊಂಡಿತು. ಅಷ್ಟೇ. ಕಾಳಿ ಇಳಿಸಿಕೊಂಡಿದ್ದ ಬಾಲವನ್ನು ಮೆಲ್ಲ ಎತ್ತಿತು.

ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕರು ತೆಲುಗಿನಲ್ಲಿ ಕೇಳಿದರು, ಇದು ಏನಮ್ಮ, ಜಿಂಕೆಯಾ ನಾಯಿಯಾ ಅಂತ. ಅಲ್ಲಿಂದ ಮಾತು. ಇವರ ಒಟ್ಟಿಗೆ ಮಾತ್ರ ಹೋಗಿದ್ದರೆ ಯಾರು ನಮ್ಮನ್ನು ಮಾತಾಡಿಸ್ತಿದ್ದರು? ಮುದುಕರೇ ಎಚ್ಚರಿಕೆ ಹೇಳಿದರು, ದಡದಲ್ಲಿ ಬಿದ್ದ ಮೀನಿಗೆ ನಾಯಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ ಅಂತ. ಮುಟ್ಟಿದರೆ ಹೊಟ್ಟೆ ಊದಿಸಿಕೊಳ್ಳುವ ಮೀನು ಉಂಟಲ್ಲ, ಬಲೆಯಿಂದ ಬಿಡಿಸಿ ಎಸೆದಿರ್ತಾರೆ. ಅದರ ವಿಷಕ್ಕೆ ಮದ್ದಿಲ್ಲ, ನಾಯಿಯೂ ಉಳಿಯುವುದಿಲ್ಲ. ನಮ್ಮ ಕಡೆಯೂ ಅಜ್ಜಿ ಇದನ್ನೇ ಹೇಳ್ತಿದ್ದರು. ಹಳೆ ಗಾಳದ ಕೊಕ್ಕೆಗಳೂ ಮರಳಿನಲ್ಲಿ ಇರ್ತವೆ, ಪಾದಕ್ಕೆ ಚುಚ್ಚಿದರೆ ಕಷ್ಟ. 1977ರ ನವೆಂಬರಿನ ದಿವಿಸೀಮೆಯ ಉಪ್ಪೆನದಲ್ಲಿ, ಚಂಡಮಾರುತಕ್ಕೆ ಸಮುದ್ರ ಉಕ್ಕಿ ನುಗ್ಗಿದಾಗ, ಬದುಕಿ ಉಳಿದವರಂತೆ ಆ ಮುದುಕರು. ಆ ರಾತ್ರಿಯ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ನಾಯಿಯ ಬೆನ್ನು ಸವರುತ್ತಾ ಕೂತಿದ್ದರು.

ಮಂಗಿನಪೂಡಿಯ ಬೀಚು ಊರಿಂದ ಹನ್ನೊಂದು ಕಿಲೋಮೀಟರ್. ಮಲ್ಪೆಯ ಹಾಗೆ ಬಿಳಿ ಮರಳಲ್ಲ, ಕರಿಮಣ್ಣು, ಅಂಟು. ಬಹಳ ದೂರದವರೆಗೂ ಮೊಣಕಾಲು ನೀರು. ಕೆಲವರು ಇದೇನು ಬೀಚು ಅಂತ ಮೂಗು ಮುರೀತಾರೆ. ನಾಯಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಜನ ಇಲ್ಲದ ತುದಿಗೆ ಹೋಗಿ ಉದ್ದದ ಹಗ್ಗ ಬಿಟ್ಟದ್ದು. ಅಕ್ಕ, ಆ ಪ್ರಾಣಿ ಓಡುವುದನ್ನು ನೀವು ನೋಡಬೇಕಿತ್ತು. ಬೆನ್ನು ಬಿಲ್ಲಿನ ಹಾಗೆ ಮಡಚುತ್ತದೆ, ನಾಲ್ಕು ಪಾದವೂ ಹೊಟ್ಟೆಯ ಅಡಿಗೆ ಸೇರ್ತವೆ, ಮತ್ತೆ ಒಂದೇ ಸಲ ಬಿಚ್ಚಿಕೊಳ್ತದೆ. ನೆಲಕ್ಕೆ ತಾಗಿದ್ದೇ ಕಾಣುವುದಿಲ್ಲ. ಗಟ್ಟಿ ಒದ್ದೆ ಮಣ್ಣಿನಲ್ಲಿ ಕಾಲು ಜಾರುವುದೂ ಇಲ್ಲ, ಹೂಳುವುದೂ ಇಲ್ಲ. ಒಂಬತ್ತು ಗಂಟೆಗೆ ಬಿಸಿಲು ಏರುವ ಮೊದಲು ನಿಲ್ಲಿಸಿ, ಸಿಹಿ ನೀರಿನಲ್ಲಿ ಮೈ ಕಾಲು ತೊಳೆದದ್ದಾಯ್ತು. ಉಪ್ಪು ಒಣಗಿದರೆ ಹೊಟ್ಟೆಯ ಚರ್ಮ ಕೆಂಪಾಗಿ ತುರಿಸ್ತದೆ.

ದಾರಿಯಲ್ಲಿ ಚಿಲಕಲಪೂಡಿಯ ಪಾಂಡುರಂಗನಿಗೆ ರಸ್ತೆಯಿಂದಲೇ ಕೈ ಮುಗಿದೆ. ಪಂಢರಪುರದ ವಿಠಲ ಇಷ್ಟು ದೂರ ಬಂದು ಸಮುದ್ರದ ಹತ್ತಿರ ನಿಂತಿದ್ದಾನೆ ನೋಡಿ. ಅಲ್ಲಿನ ಚಿನ್ನದ ನೀರಿನ ಬಳೆಗಳಿಗೆ ಹೆಸರು ಉಂಟು, ನಿಮಗೆ ಅಂತ ಒಂದು ಜೊತೆ ತಂದಿದ್ದೇನೆ, ಆಮೇಲೆ ಕೊಡ್ತೇನೆ.

ಬರುವಾಗ ಪೆಡನದ ದಾರಿ ಹಿಡಿದೆವು, ಕಲಂಕಾರಿ ನೋಡಲಿಕ್ಕೆ. ಒಂದು ಶೆಡ್ಡಿನ ಯಜಮಾನರು ನಾಯಿಯನ್ನು ಬಾಗಿಲಲ್ಲಿ ನೆರಳಿಗೆ ಕಟ್ಟಿ, ನೀರು ನಾವೇ ಕೊಡ್ತೇವೆ ಅಂದರು. ಅಂಗಳದಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗಲಿಕ್ಕೆ ಹಾಕಿದ್ದರು, ತೆಳು ಹಳದಿ ಬಣ್ಣ. ಕಾಳಿ ಕತ್ತು ಚಾಚಿ ಅದರ ತುದಿಯನ್ನು ನೆಕ್ಕಲಿಕ್ಕೆ ಹೊರಟದ್ದು. ನಾನು ಎಳೆದೆ, ಮತ್ತೆ ಅದೇ. ಯಜಮಾನರು ನಕ್ಕು ಹೇಳಿದರು, ಅದು ಅಳಲೆಕಾಯಿಯ ರಸಕ್ಕೆ ಎಮ್ಮೆಹಾಲು ಬೆರೆಸಿ ಅದ್ದಿದ ಬಟ್ಟೆ, ಹಾಲಿನ ವಾಸನೆಗೆ ಬಂದದ್ದು ಅಂತ. ಹಾಲಿನ ಜಿಡ್ಡು ಇದ್ದರೆ ಬಣ್ಣ ಹರಡುವುದಿಲ್ಲವಂತೆ. ಅಳಲೆಯ ಒಗರು ಬಣ್ಣವನ್ನು ನೂಲಿಗೆ ಹಿಡಿಸ್ತದೆ. ಕಪ್ಪು ಬಣ್ಣ ಮಾಡುವುದು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಹುಳಿ ಬರಿಸಿ. ಪಟಿಕ ಹಾಕಿ ಅಚ್ಚು ಒತ್ತಿದ ಕಡೆ ಬೇಯಿಸುವಾಗ ಕೆಂಪು ಏಳ್ತದೆ. ಸಾಗುವಾನಿ ಅಚ್ಚನ್ನು ಎಡಗೈಯಲ್ಲಿ ಜೋಡಿಸಿ ಬಲಗೈಯ ಮುಷ್ಟಿಯಿಂದ ಒಂದು ಗುದ್ದು. ಹೂವಿನ ಬಳ್ಳಿ ಹಾಗೇ ಮುಂದಕ್ಕೆ ಹೋಗ್ತದೆ, ಒಂದು ಕೂದಲೆಳೆ ಅಂತರ ತಪ್ಪುವುದಿಲ್ಲ. ಆ ಬಳ್ಳಿ, ಆ ಎಲೆ ಪರ್ಷಿಯದ ಗಿರಾಕಿಗಳಿಗೆ ಬೇಕಾದ ಹಾಗೆ ಮೂಡಿ ಬಂದದ್ದು. ಡಚ್ಚರು, ಇಂಗ್ಲಿಷರು ಹಡಗು ತುಂಬಿಸಿ ಒಯ್ದದ್ದು ಇದನ್ನೇ. ಕೋಟೆ ಬಿತ್ತು, ಹಡಗು ನಿಂತಿತು, ಈ ಗುದ್ದು ಮಾತ್ರ ಕೇಳ್ತಾ ಉಂಟು. ಬಟ್ಟೆ ಕೊಳ್ಳುವಾಗ ಪ್ರಿಂಟ್ ಹೊಡೆದ ನಕಲಿ ತಗೊಳ್ಳಬೇಡಿ ಅಕ್ಕ, ಸ್ವಲ್ಪ ಹೆಚ್ಚಾದರೂ ಅಚ್ಚಿನದ್ದೇ ತಗೊಳ್ಳಿ. ಬಟ್ಟೆಯ ಹಿಂಬದಿಗೂ ಬಣ್ಣ ಇಳಿದಿದೆಯಾ ನೋಡಿದರೆ ಗೊತ್ತಾಗ್ತದೆ.

ಲಡ್ಡು ತಂದಿದ್ದೇನೆ, ಹಾಲಿನವನಿಗೂ ಕೊಡುವುದುಂಟು. ಕಡಲೆಹಿಟ್ಟಿನ ಸೇವೆ ಕರಿದು, ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು ಮತ್ತೆ ಪಾಕಕ್ಕೆ ಹಾಕಿ ಕುಟ್ಟಿದ್ದು, ಬಾಯಿಗೆ ಹಾಕಿದರೆ ಹಲ್ಲಿಗೆ ಕೆಲಸ ಇಲ್ಲ. ಕಾಳಿಗೆ ಮಾತ್ರ ಒಂದು ಚೂರೂ ಕೊಡಲಿಲ್ಲ. ಸಿಹಿ, ದ್ರಾಕ್ಷಿ ನಾಯಿಗೆ ಆಗುವುದಿಲ್ಲ, ದ್ರಾಕ್ಷಿಯಿಂದ ಅವುಗಳ ಮೂತ್ರಪಿಂಡವೇ ಕೆಡ್ತದೆ. ನಿಮ್ಮ ಮೊಮ್ಮಗ ಗೋಡೆಯ ಮೇಲಿಂದ ಎಸೀತಾನಲ್ಲ, ಅವನಿಗೂ ಒಮ್ಮೆ ಹೇಳಿ.

ಮತ್ತೆ ಹೊಸ ಬಂದರು ಬರ್ತಾ ಉಂಟು, ಮಂಗಿನಪೂಡಿಯ ಕಡೆಗೇ. 2023ರ ಮೇ ತಿಂಗಳಲ್ಲಿ ಕೆಲಸ ಶುರುವಾದದ್ದು. ಕೆಸರನ್ನು ಯಂತ್ರದಲ್ಲಿ ತೋಡಿ ಆಳ ಮಾಡಿ ದೊಡ್ಡ ಹಡಗು ದಡಕ್ಕೇ ಬರುವ ಹಾಗೆ ಮಾಡ್ತಾರಂತೆ. ಆ ಊರಿಗೆ ಕೆಲಸ ಬೇಕು, ಹುಡುಗರು ಎಲ್ಲ ಹೈದರಾಬಾದಿಗೆ ಹೋಗ್ತಾರೆ ಅಂತ ಗಿಲಕಲದಿಂಡಿಯ ಮುದುಕರೂ ಹೇಳಿದರು. ಬರಲಿ. ಅದರ ಬೇಲಿಯೊಳಗೆ ಜನರಿಗೂ ನಾಯಿಗೂ ಪ್ರವೇಶ ಇರುವುದಿಲ್ಲ, ಬಂದರು ಅಂದ ಮೇಲೆ ಅದು ಸಹಜ. ಆದರೆ ದೋಣಿಯವರ ದಕ್ಕೆ, ಈ ಕರಿಮಣ್ಣಿನ ದಡದ ಒಂದು ತುಂಡು ಹಾಗೇ ಊರವರ ಕೈಯಲ್ಲಿ ಉಳಿಯಬೇಕು ಅಂತ ನನ್ನ ಆಸೆ.

ನಿಮ್ಮ ತಮ್ಮ ಬಳ್ಳಾರಿಯಿಂದ ನಾಯಿ ಕರೆದುಕೊಂಡು ಬರ್ತಾರೆ ಅಂದಿರಲ್ಲ. ಬಂದಾಗ ಹೇಳಿ, ಒಟ್ಟಿಗೆ ಹೋಗುವ. ಮಾಘ ಹುಣ್ಣಿಮೆಯ ದಿನ ಮಾತ್ರ ಬೇಡ, ಆ ದಿನ ಮಂಗಿನಪೂಡಿಯಲ್ಲಿ ಸಮುದ್ರಸ್ನಾನಕ್ಕೆ ಜನವೋ ಜನ, ನಾಯಿಗಳು ಹೆದರ್ತವೆ. ಅದು ಕಳೆದು ಒಂದು ವಾರ ಆಗಲಿ. ಅವರ ನಾಯಿಯ ಚುಚ್ಚುಮದ್ದಿನ ಚೀಟಿ ತರಲಿಕ್ಕೆ ಈಗಲೇ ಫೋನ್ ಮಾಡಿ ಹೇಳಿ.